ಸ್ಕೂಬಾ ಡೈವಿಂಗ್‌ಗೆ ಯಾವ ಕಡಲು? ಬೆಂಗಳೂರಿನಿಂದ ಹೊರಡುವವರಿಗೆ ಜಾಗ ಆರಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಸ್ಕೂಬಾ ಡೈವಿಂಗ್‌ಗೆಂದು ಹೋಗಿ ಬೇಸರದಿಂದ ಮರಳಿದವರ ಕಥೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಒಬ್ಬರು ಆಗಸ್ಟ್ 15ರ ರಜೆಗೆ ಮುರುಡೇಶ್ವರದಲ್ಲಿ ಹೋಟೆಲ್ ಕಾಯ್ದಿರಿಸಿ, ಮಳೆಗಾಲದಲ್ಲಿ ಹತ್ತಿರದ ನೇತ್ರಾಣಿ ದ್ವೀಪಕ್ಕೆ ದೋಣಿಯೇ ಹೊರಡುವುದಿಲ್ಲವೆಂದು ಅಲ್ಲಿಗೆ ಹೋದ ಮೇಲೆ ತಿಳಿದುಕೊಂಡಿರುತ್ತಾರೆ. ಇನ್ನೊಬ್ಬರು ಅಂಡಮಾನಿನ ಐದು ದಿನದ ಪ್ರವಾಸದಲ್ಲಿ ಡೈವಿಂಗನ್ನು ಕೊನೆಯ ಮಧ್ಯಾಹ್ನಕ್ಕೆ ಇಟ್ಟುಕೊಂಡು, ಮರುದಿನ ನಸುಕಿನ ವಿಮಾನದ ಕಾರಣಕ್ಕೆ ನೀರಿಗಿಳಿಯಲಾಗದೆ ದಡದಲ್ಲಿ ಕುಳಿತಿರುತ್ತಾರೆ. ಮತ್ತೊಬ್ಬರು ನೆಗಡಿ ಹಿಡಿದ ಮೂಗಿನಲ್ಲೇ ಇಳಿದು, ಎರಡು ಮೀಟರ್ ಆಳದಲ್ಲಿ ಕಿವಿನೋವು ತಾಳಲಾರದೆ ಮೇಲಕ್ಕೆ ಬಂದಿರುತ್ತಾರೆ.

ಈ ಮೂವರೂ ಒಂದೇ ತಪ್ಪು ಮಾಡಿದ್ದಾರೆ: ಜಾಗವನ್ನು ಮೊದಲು ಆರಿಸಿ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೊರಟಿದ್ದಾರೆ. ಮೊದಲು ಇಳಿಯುವವರು ಯಾರು, ಅವರ ದೇಹ ಹೇಗಿದೆ, ಹೋಗುವ ತಿಂಗಳು ಯಾವುದು, ಕೈಯಲ್ಲಿರುವ ದಿನಗಳೆಷ್ಟು ಎಂಬುದನ್ನು ಇದೇ ಕ್ರಮದಲ್ಲಿ ಬರೆದುಕೊಂಡರೆ ಸಾಧ್ಯವಿರುವ ಜಾಗಗಳು ತಾವಾಗಿ ಎರಡೋ ಮೂರೋ ಉಳಿಯುತ್ತವೆ. ಟಿಕೆಟ್ ಕೊಳ್ಳುವುದು ಅದಾದ ಮೇಲಿನ ಕೆಲಸ.

## ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಗ್ರಿ

ಹೆಚ್ಚಿನದೇನೂ ಬೇಡ. ತಿಥಿ ಕಾಣಿಸುವ ಗೋಡೆ ಕ್ಯಾಲೆಂಡರ್, ಡೈವಿಂಗ್ ಸಂಸ್ಥೆಗಳು ಬಳಸುವ ಆರೋಗ್ಯ ಪ್ರಶ್ನಾವಳಿಯ ಒಂದು ಪ್ರತಿ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುವ ಸಮುದ್ರ ಮುನ್ಸೂಚನೆಯ ಪುಟ, ಒಂದು ಹಾಳೆ ಮತ್ತು ಪೆನ್ನು ಸಾಕು. ಮಾಸ್ಕ್, ಫಿನ್, ವೆಟ್‌ಸೂಟ್‌ಗಳನ್ನು ಈ ಹಂತದಲ್ಲಿ ಕೊಳ್ಳಬೇಡಿ, ಅವೆಲ್ಲವೂ ಡೈವ್ ಶಾಪ್‌ಗಳಲ್ಲೇ ಸಿಗುತ್ತವೆ. ಕನ್ನಡಕ ಹಾಕುವವರು ಮಾತ್ರ ಪವರ್ ಇರುವ ಮಾಸ್ಕ್ ಅಲ್ಲಿ ಇದೆಯೇ ಎಂದು ಕೇಳಲು ಗುರುತು ಹಾಕಿಕೊಳ್ಳಲಿ.

## ಹಂತ 1: ಇಳಿಯುವವರು ಯಾರು ಎಂದು ಬರೆದುಕೊಳ್ಳಿ

ಹಾಳೆಯಲ್ಲಿ ನೀರಿಗಿಳಿಯುವ ಪ್ರತಿಯೊಬ್ಬರ ಹೆಸರು, ವಯಸ್ಸು, ಈಜು ಬರುತ್ತದೆಯೇ, ಪ್ರಮಾಣಪತ್ರ ಇದೆಯೇ ಎಂಬುದನ್ನು ಬರೆಯಿರಿ. ಪ್ರಮಾಣಪತ್ರವಿಲ್ಲದವರು ಇನ್‌ಸ್ಟ್ರಕ್ಟರ್ ಜೊತೆಯಲ್ಲಿ ಮಾಡುವ ಪರಿಚಯ ಡೈವ್‌ಗೆ ಗರಿಷ್ಠ ಮಿತಿ 12 ಮೀಟರ್. ಓಪನ್ ವಾಟರ್ ಎಂಬ ಮೊದಲ ಹಂತದ ಪ್ರಮಾಣಪತ್ರ ಇದ್ದವರಿಗೆ 18 ಮೀಟರ್, ಅದರ ಮುಂದಿನ ಅಡ್ವಾನ್ಸ್ಡ್ ಹಂತ ಮುಗಿಸಿದವರಿಗೆ 30 ಮೀಟರ್. ಮಕ್ಕಳಿಗೆ ಸಾಮಾನ್ಯವಾಗಿ ಕನಿಷ್ಠ 10 ವರ್ಷ ಆಗಿರಬೇಕು.

ಈ ಅಂಕಿಗಳು ಜಾಗದ ಆಯ್ಕೆಯನ್ನು ನೇರವಾಗಿ ಕತ್ತರಿಸುತ್ತವೆ. ಅಂಡಮಾನಿನ ಸ್ವರಾಜ್ ದ್ವೀಪದ, ಅಂದರೆ ಹಳೆಯ ಹ್ಯಾವ್‌ಲಾಕ್‌ನ, ಸುತ್ತಲಿನ ಪ್ರಸಿದ್ಧ ತಾಣಗಳಾದ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್‌ಗಳ ಚಿತ್ರ ನೋಡಿ ಮರುಳಾದವರು ಅವೆರಡೂ ಆಳದ, ಸೆಳೆತವಿರುವ, ಅನುಭವಿಗಳ ತಾಣಗಳೆಂಬುದನ್ನು ಗಮನಿಸುವುದಿಲ್ಲ. ಮೊದಲ ಬಾರಿಗೆ ಹೋದವರನ್ನು ಅಲ್ಲಿ ದಡದಿಂದಲೇ ನಡೆದು ಇಳಿಯುವ ನೀಮೋ ರೀಫ್‌ನಂಥ ಆಳವಿಲ್ಲದ ಕಡೆಗೆ ಕರೆದೊಯ್ಯುತ್ತಾರೆ. ಅದೂ ಒಳ್ಳೆಯ ಜಾಗವೇ, ಆದರೆ ಚಿತ್ರದಲ್ಲಿ ಕಂಡದ್ದು ಅದಲ್ಲ.

ಈಜು ಬಾರದವರನ್ನೂ ಪರಿಚಯ ಡೈವ್‌ಗೆ ಬಹುತೇಕ ಎಲ್ಲ ಕಡೆ ಸೇರಿಸಿಕೊಳ್ಳುತ್ತಾರೆ, ಏಕೆಂದರೆ ಇನ್‌ಸ್ಟ್ರಕ್ಟರ್ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾರೆ. ಆದರೆ ಈಜು ಬಾರದೆ ಇರುವುದು ಬೇರೆ, ನೀರೆಂದರೆ ಎದೆ ಹೊಡೆದುಕೊಳ್ಳುವುದು ಬೇರೆ. ಎರಡನೆಯ ಗುಂಪಿನವರು ದೋಣಿಯಿಂದ ಆಳದ ನೀರಿಗೆ ಬೆನ್ನು ಮಾಡಿ ಬೀಳಬೇಕಾದ ಜಾಗಗಳನ್ನು ಬಿಟ್ಟು, ಸೊಂಟಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿಸಿ ನಿಧಾನವಾಗಿ ಒಳಗೆ ಕರೆದೊಯ್ಯುವ ದಡದ ತಾಣಗಳನ್ನು ಆರಿಸಲಿ. ಗುಂಪಿನಲ್ಲಿ ಅತ್ಯಂತ ಅನನುಭವಿ ಯಾರೋ ಅವರಿಗೆ ಒಗ್ಗುವ ಜಾಗವೇ ಇಡೀ ಗುಂಪಿನ ಜಾಗ. ಈ ನಿಯಮವನ್ನು ಸ್ನೇಹಿತರ ಗುಂಪುಗಳು ಒಪ್ಪುವುದೇ ಇಲ್ಲ, ಆಮೇಲೆ ಒಬ್ಬರು ದೋಣಿಯಲ್ಲೇ ಕುಳಿತುಬಿಡುತ್ತಾರೆ.

ಪ್ರಮಾಣಪತ್ರವನ್ನೇ ಪಡೆಯುವ ಆಸೆ ಇದ್ದರೆ ಪಾಠ ಮತ್ತು ಈಜುಕೊಳದ ಅಭ್ಯಾಸವನ್ನು ಬೆಂಗಳೂರಿನಲ್ಲೇ ಮುಗಿಸಿ, ಸಮುದ್ರದ ಡೈವ್‌ಗಳನ್ನಷ್ಟೇ ಕಡಲತೀರದಲ್ಲಿ ಮಾಡುವ ವ್ಯವಸ್ಥೆ ಇದೆ. ರಜೆಯ ಎರಡು ದಿನ ಇದರಿಂದ ಉಳಿಯುತ್ತದೆ. ಈ ಕೋರ್ಸಿಗೆ 200 ಮೀಟರ್ ಈಜಬೇಕು ಮತ್ತು 10 ನಿಮಿಷ ತೇಲಬೇಕು, ಆದ್ದರಿಂದ ಇಲ್ಲಿ ಈಜು ಬರಲೇಬೇಕು.

## ಹಂತ 2: ದೇಹದ ಕಾಗದಪತ್ರವನ್ನು ಬೆಂಗಳೂರಿನಲ್ಲೇ ಮುಗಿಸಿ

ಡೈವ್‌ಗೆ ಮೊದಲು ತುಂಬಿಸುವ ಆರೋಗ್ಯ ಪ್ರಶ್ನಾವಳಿಯನ್ನು ಜನ ಜೆಟ್ಟಿಯಲ್ಲಿ, ಬೆನ್ನಿಗೆ ಬ್ಯಾಗು ಹಾಕಿಕೊಂಡೇ, ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿ ಕೊಟ್ಟುಬಿಡುತ್ತಾರೆ. ಅದರಲ್ಲಿ ಅಸ್ತಮಾ, ಹೃದಯದ ತೊಂದರೆ, ರಕ್ತದೊತ್ತಡ, ಮೂರ್ಛೆ ರೋಗ, ಕಿವಿ ಅಥವಾ ಸೈನಸ್ ಶಸ್ತ್ರಚಿಕಿತ್ಸೆ ಮುಂತಾದವುಗಳ ಬಗ್ಗೆ ಕೇಳಿರುತ್ತಾರೆ. ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಸಹಿ ಬೇಕಾಗಬಹುದು, ಮತ್ತು ಆ ಸಹಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮುರುಡೇಶ್ವರದ ಕಡಲತೀರದಲ್ಲಿ ಸಿಗುವುದಿಲ್ಲ. ಗರ್ಭಿಣಿಯರು ಡೈವ್ ಮಾಡಬಾರದು.

ಬೆಂಗಳೂರಿನವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಈ ಊರಿನ ಧೂಳು, ಪರಾಗ ಮತ್ತು ಚಳಿಗೆ ವರ್ಷದಲ್ಲಿ ಆರು ತಿಂಗಳು ಮೂಗು ಕಟ್ಟಿಕೊಂಡೇ ಇರುವವರು ಪ್ರತಿ ಕಚೇರಿಯಲ್ಲೂ ಇದ್ದಾರೆ, ಅದು ಅವರಿಗೆ ಕಾಯಿಲೆಯೆಂದೇ ಅನ್ನಿಸುವುದಿಲ್ಲ. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಎಂದರೆ ಮೊದಲ 10 ಮೀಟರ್‌ನಲ್ಲೇ ಒತ್ತಡ ಎರಡು ಪಟ್ಟಾಗಿ, ನಡುಕಿವಿಯ ಗಾಳಿ ಅರ್ಧಕ್ಕೆ ಕುಗ್ಗಲು ನೋಡುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದಾಗ ಗಂಟಲಿನಿಂದ ಕಿವಿಗೆ ಗಾಳಿ ಹೋದರೆ ಮಾತ್ರ ಅದು ಸಮವಾಗುತ್ತದೆ, ಮೂಗು ಕಟ್ಟಿದ್ದರೆ ಆ ದಾರಿಯೇ ಮುಚ್ಚಿರುತ್ತದೆ. ‘ಆಳವಿಲ್ಲದ ಜಾಗ, ಏನೂ ಆಗುವುದಿಲ್ಲ’ ಎಂಬ ಸಮಾಧಾನ ಕಿವಿಯ ಮಟ್ಟಿಗೆ ಸುಳ್ಳು. ಒತ್ತಡದ ಬದಲಾವಣೆ ಅತಿ ತೀಕ್ಷ್ಣವಾಗಿರುವುದು ಮೇಲಿನ ನೀರಿನಲ್ಲೇ.

ಆದ್ದರಿಂದ ಹೊರಡುವ ಎರಡು ವಾರ ಮೊದಲು ಕಿವಿ, ಮೂಗು, ಗಂಟಲು ತಜ್ಞರನ್ನು ಒಮ್ಮೆ ಕಂಡುಬನ್ನಿ. ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿ ಹಾಕಿಕೊಂಡು ಇಳಿಯುವ ಉಪಾಯ ಬೇಡ, ಅದರ ಪ್ರಭಾವ ನೀರಿನಡಿಯಲ್ಲೇ ಮುಗಿದರೆ ಮೇಲೇರುವಾಗ ಗಾಳಿ ಸಿಕ್ಕಿಕೊಂಡು ನೋಯಿಸುತ್ತದೆ.

## ಹಂತ 3: ತಿಂಗಳನ್ನು ನೋಡಿ ಕಡಲನ್ನು ಆರಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಹೆಚ್ಚಿನವರು ಎಡವುವುದೂ ಇಲ್ಲೇ. ಬೆಂಗಳೂರಿಗೆ ಎರಡೂ ಮಳೆ ಬರುತ್ತದೆ, ಆದ್ದರಿಂದ ಎರಡು ಕರಾವಳಿಗಳ ಹವಾಮಾನ ಬೇರೆ ಬೇರೆ ಎಂಬುದು ನಮಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು ಅರಬ್ಬಿ ಸಮುದ್ರವನ್ನು ಕದಡುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಹಿಂಗಾರು ತಮಿಳುನಾಡು, ಪುದುಚೇರಿಯ ತೀರವನ್ನು ಕದಡುತ್ತದೆ. ರಜೆಗಳ ಲೆಕ್ಕದಲ್ಲೇ ನೋಡೋಣ.

ದಸರಾ ರಜೆಯ ಹೊತ್ತಿಗೆ ನೇತ್ರಾಣಿ, ಗೋವಾ, ಮಹಾರಾಷ್ಟ್ರದ ಮಾಲವಣಗಳಲ್ಲಿ ಡೈವಿಂಗ್ ಆಗತಾನೇ ತೆರೆದಿರುತ್ತದೆ. ಆದರೆ ಹೊಳೆಗಳು ಮಳೆಗಾಲದುದ್ದಕ್ಕೂ ತಂದು ಸುರಿದ ಕೆಸರು ಪೂರ್ತಿ ತಂಗಿರುವುದಿಲ್ಲ. ದಸರಾ ಬೇಗ ಬಂದ ವರ್ಷ ಈ ಆಸೆಯನ್ನು ದೀಪಾವಳಿಗೆ ಮುಂದೂಡಿ. ದೀಪಾವಳಿಯಲ್ಲಿ ಪಶ್ಚಿಮ ತೀರ ತಿಳಿಯಾಗುತ್ತಿರುತ್ತದೆ, ಆದರೆ ಅದೇ ಹೊತ್ತಿಗೆ ಪುದುಚೇರಿಯನ್ನು ಆರಿಸುವುದು ಮಳೆಯನ್ನು ಹುಡುಕಿಕೊಂಡು ಹೋದಂತೆ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದೂ ಈ ತಿಂಗಳುಗಳಲ್ಲೇ.

ಕ್ರಿಸ್ಮಸ್‌ನಿಂದ ಶಿವರಾತ್ರಿಯವರೆಗಿನ ಅವಧಿ ನೇತ್ರಾಣಿಗೆ, ಲಕ್ಷದ್ವೀಪಕ್ಕೆ, ಅಂಡಮಾನಿಗೆ ಒಳ್ಳೆಯದು. ಡಿಸೆಂಬರ್ ಕೊನೆಯ ವಾರ ಮಾತ್ರ ದೋಣಿ, ಇನ್‌ಸ್ಟ್ರಕ್ಟರ್, ಕೊಠಡಿ ಎಲ್ಲದರ ಮೇಲೂ ಜನ ಮುಗಿಬೀಳುತ್ತಾರೆ, ಗಡಿಬಿಡಿಯಲ್ಲಿ ನೀರಿನಡಿಯ ಸಮಯ ಮೊಟಕಾಗುತ್ತದೆ. ಜನವರಿಯ ಮಧ್ಯಭಾಗದಿಂದ ಮಾರ್ಚ್‌ವರೆಗೆ, ಮಕ್ಕಳ ಶಾಲೆ ತಪ್ಪಿಸಲು ಮನಸ್ಸು ಬಂದರೆ, ಅದೇ ಜಾಗ ನಿರಾಳವಾಗಿರುತ್ತದೆ. ಪುದುಚೇರಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೋಗಿ.

ಬೇಸಿಗೆ ರಜೆಯಲ್ಲಿ ಏಪ್ರಿಲ್ ನಿಶ್ಚಿಂತೆಯ ತಿಂಗಳು. ಮೇ ಮಧ್ಯದ ನಂತರ ಅಂಡಮಾನಿಗೆ ಮುಂಗಾರು ತಲುಪುತ್ತದೆ, ಅರಬ್ಬಿ ಸಮುದ್ರದಲ್ಲೂ ವಾಯುಭಾರ ಕುಸಿತಗಳು ಏಳತೊಡಗುತ್ತವೆ. ‘ರಜೆ ಮುಗಿಯುವ ಮೊದಲು ಒಮ್ಮೆ’ ಎಂದು ಮೇ ಕೊನೆಗೆ ಟಿಕೆಟ್ ಕೊಳ್ಳುವವರು ಹಣ ಹಿಂದಿರುಗದ ಟಿಕೆಟ್ ಕೊಳ್ಳದಿರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ತೀರವನ್ನು ಮರೆತುಬಿಡಿ. ಈ ಅವಧಿಯಲ್ಲೇ ಹೋಗಬೇಕೆಂದಿದ್ದರೆ ಶ್ರೀಲಂಕಾದ ಪೂರ್ವ ತೀರದ ತ್ರಿಂಕೋಮಲಿ, ಥಾಯ್ಲೆಂಡ್ ಕೊಲ್ಲಿಯ ಕೊ ಟಾವೊ, ಇಂಡೋನೇಷ್ಯಾದ ಬಾಲಿ ಇವೆ. ಶ್ರೀಲಂಕಾ ಸಣ್ಣ ದೇಶವಾದರೂ ಅದರ ದಕ್ಷಿಣ ಮತ್ತು ಪಶ್ಚಿಮ ತೀರಗಳು ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಪೂರ್ವ ತೀರ ಮೇಯಿಂದ ಸೆಪ್ಟೆಂಬರ್‌ವರೆಗೆ ತಿಳಿಯಾಗಿರುತ್ತವೆ. ಹಾಗಾಗಿ ‘ಶ್ರೀಲಂಕಾಕ್ಕೆ ಯಾವಾಗ ಹೋಗಬೇಕು’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಥಾಯ್ಲೆಂಡಿನದೂ ಇದೇ ಕಥೆ: ಅಂಡಮಾನ್ ಸಮುದ್ರದ ಕಡೆಗಿರುವ ಸಿಮಿಲಾನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ, ಕೊಲ್ಲಿಯ ಕಡೆಯ ಕೊ ಟಾವೊ ಆಗ ತೆರೆದೇ ಇರುತ್ತದೆ. ಒಂದು ಎಚ್ಚರಿಕೆಯ ಮಾತು: ನೇತ್ರಾಣಿಗೂ ತ್ರಿಂಕೋಮಲಿಯ ಹತ್ತಿರದ ದ್ವೀಪಕ್ಕೂ ಇಂಗ್ಲಿಷಿನಲ್ಲಿ ಪಿಜನ್ ಐಲೆಂಡ್ ಎಂಬ ಒಂದೇ ಹೆಸರಿದೆ. ಒಂದರ ಹವಾಮಾನ ಓದಿಕೊಂಡು ಇನ್ನೊಂದಕ್ಕೆ ಹೊರಡಬೇಡಿ, ಎರಡರ ಋತು ಬಹುಮಟ್ಟಿಗೆ ತಿರುಗುಮುರುಗು.

## ಹಂತ 4: ದಿನಗಳನ್ನು ಹಿಂದಿನಿಂದ ಎಣಿಸಿ

ಡೈವ್ ಮಾಡುವಾಗ ಒತ್ತಡದಿಂದಾಗಿ ಸಾರಜನಕ ದೇಹದೊಳಗೆ ಕರಗುತ್ತದೆ. ಅದು ಉಸಿರಿನ ಮೂಲಕ ಮೆಲ್ಲಗೆ ಹೊರಹೋಗಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಏರಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏಳುವಂತೆ ಗುಳ್ಳೆಗಳು ಏಳುತ್ತವೆ. ಆದ್ದರಿಂದ ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ದಿನಕ್ಕೆ ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ಪೂರ್ತಿ 24 ಗಂಟೆ ಬಿಡುವವರು ಜಾಣರು.

ವಿಮಾನದ ವಿಷಯ ಹಲವರಿಗೆ ಗೊತ್ತು. ಘಾಟಿಯ ವಿಷಯ ಯಾರೂ ಹೇಳುವುದಿಲ್ಲ. ಆ ಸಲಹೆ ಅನ್ವಯಿಸುವುದು ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರಕ್ಕೆ, ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲೆ. ಎಂದರೆ ಕರಾವಳಿಯಿಂದ ಮನೆಗೆ ಮರಳುವ ಬಸ್ಸು ಕೂಡ ನಮ್ಮ ಪಾಲಿಗೆ ಸಣ್ಣದೊಂದು ವಿಮಾನವೇ. ಲೆಕ್ಕ ಹಾಕಿ ನೋಡಿ. ನೇತ್ರಾಣಿಯಲ್ಲಿ ಮಧ್ಯಾಹ್ನ 12ಕ್ಕೆ ನೀರಿನಿಂದ ಮೇಲೆ ಬಂದವರು ಸಂಜೆ 7ರ ಬಸ್ಸು ಹಿಡಿದರೆ, ಶಿವಮೊಗ್ಗದ ದಾರಿಯಲ್ಲಾಗಲಿ ಶಿರಾಡಿಯ ದಾರಿಯಲ್ಲಾಗಲಿ, ನಡುರಾತ್ರಿಯ ಆಸುಪಾಸಿಗೆ ಆ ಎತ್ತರವನ್ನು ದಾಟುತ್ತಾರೆ. ಆಳವಿಲ್ಲದ ಒಂದೇ ಪರಿಚಯ ಡೈವ್ ಆಗಿದ್ದರೆ 12 ಗಂಟೆಯ ಗಡಿ ಕೂದಲೆಳೆಯಲ್ಲಿ ಮುಗಿಯುತ್ತದೆ. ಎರಡು ಡೈವ್ ಮಾಡಿದ್ದರೆ ಆ ರಾತ್ರಿಯ ಬಸ್ಸಿಗೂ ರೈಲಿಗೂ ಹತ್ತಬಾರದು. ಅಲ್ಲೇ ಮಲಗಿ ಮರುದಿನ ಬೆಳಿಗ್ಗೆ ತಿಂಡಿ ತಿಂದು ಹೊರಡಬೇಕು.

ಹೋಗುವ ಕಡೆಯಲ್ಲೂ ಒಂದು ರಾತ್ರಿ ಬೇಕು. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ, ಸುಮಾರು 500 ಕಿಲೋಮೀಟರ್ ನಿದ್ದೆಗೆಟ್ಟು, ಬೆಳಿಗ್ಗೆ ಇಳಿದ ತಕ್ಷಣ ದೋಣಿ ಹತ್ತುವವರು ದೋಣಿಯ ಅಂಚಿಗೆ ತಲೆ ಹಾಕಿ ವಾಂತಿ ಮಾಡಿಕೊಳ್ಳುವುದನ್ನು ಯಾವ ವಾರಾಂತ್ಯದಲ್ಲಾದರೂ ನೋಡಬಹುದು. ಶನಿವಾರ ವಿಶ್ರಾಂತಿ, ಭಾನುವಾರ ಡೈವ್, ಸೋಮವಾರ ಪ್ರಯಾಣ: ಒಂದು ದಿನ ರಜೆ ಹಾಕಲೇಬೇಕು.

ಈ ಲೆಕ್ಕದ ಪ್ರಕಾರ ಮೂರು ದಿನ ಇದ್ದರೆ ನೇತ್ರಾಣಿ ಅಥವಾ ಪುದುಚೇರಿ, ನಾಲ್ಕು ದಿನಕ್ಕೆ ಗೋವಾ ಅಥವಾ ಮಾಲವಣ. ಅಂಡಮಾನಿಗೆ ಆರು ದಿನಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ, ಏಕೆಂದರೆ ವಿಮಾನ ಇಳಿದ ಮೇಲೆ ಸ್ವರಾಜ್ ದ್ವೀಪಕ್ಕೆ ಹಡಗಿನಲ್ಲಿ ಹೋಗಬೇಕು, ಸಮುದ್ರ ಕೆರಳಿದರೆ ಆ ಹಡಗೂ ರದ್ದಾಗುತ್ತದೆ. ಅಂಡಮಾನಿನಲ್ಲಿ ಡೈವಿಂಗನ್ನು ಎರಡನೆಯ, ಮೂರನೆಯ ದಿನಗಳಿಗೆ ಇಟ್ಟು, ಸೆಲ್ಯುಲಾರ್ ಜೈಲು ಮತ್ತು ಪೇಟೆ ಸುತ್ತಾಟವನ್ನು ಕೊನೆಯ ದಿನಕ್ಕೆ ಇಡಿ.

## ಹಂತ 5: ಉಳಿದ ಜಾಗಗಳನ್ನು ತೂಗಿ ನೋಡಿ

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿದೆ, ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ದಡದಿಂದ ಇಷ್ಟು ದೂರ ಇರುವುದೇ ಅದರ ಗುಣವೂ ಹೌದು, ದೋಷವೂ ಹೌದು. ಹೊಳೆಗಳ ಕೆಸರು ಅಲ್ಲಿಗೆ ಅಷ್ಟಾಗಿ ಮುಟ್ಟದ ಕಾರಣ ನಮ್ಮ ಪಶ್ಚಿಮ ತೀರದ ಮಟ್ಟಿಗೆ ನೀರು ತಿಳಿಯಾಗಿರುತ್ತದೆ, ಆದರೆ ತೆರೆದ ಕಡಲಿನ ಅಲೆಯನ್ನು ಸಹಿಸಲೇಬೇಕು. ಮೊದಲ ಡೈವ್‌ಗೆ, ದೋಣಿಯ ತೊನೆದಾಟ ತಡೆಯಬಲ್ಲವರಿಗೆ, ನನ್ನ ಮೊದಲ ಸಲಹೆ ಇದೇ. ಇನ್‌ಸ್ಟ್ರಕ್ಟರ್ ಕನ್ನಡದಲ್ಲೇ ವಿವರಿಸುವಂಥವರು ಸಿಕ್ಕರೆ ಗಾಬರಿಯ ಅರ್ಧ ಅಲ್ಲೇ ಇಳಿಯುತ್ತದೆ.

ಗೋವಾದಲ್ಲಿ ಡೈವ್ ನಡೆಯುವುದು ಹೆಚ್ಚಾಗಿ ಗ್ರ್ಯಾಂಡೆ ದ್ವೀಪದ ಸುತ್ತ. ಮಾಂಡವಿ, ಜುವಾರಿ ಹೊಳೆಗಳು ಕಡಲು ಸೇರುವ ಜಾಗ ದೂರವಿಲ್ಲದ ಕಾರಣ ಗೋಚರತೆ, ಎಂದರೆ ನೀರಿನಲ್ಲಿ ಕಣ್ಣಿಗೆ ಕಾಣುವ ದೂರ, ಹಲವು ದಿನ ಕೆಲವೇ ಮೀಟರ್ ಇರುತ್ತದೆ. ಮುಳುಗಿದ ಹಡಗಿನ ಅವಶೇಷ ನೋಡುವ ಆಸೆ ಇದ್ದವರು ಹೋಗಲಿ, ಮೀನು ಮತ್ತು ಬಣ್ಣವನ್ನು ನೋಡಲೆಂದು ಹೋಗುವವರಿಗೆ ನಿರಾಸೆಯಾಗುವ ಸಂಭವ ಹೆಚ್ಚು. ಡೈವ್ ಜೊತೆಗೆ ಊಟ, ಡಾಲ್ಫಿನ್ ದರ್ಶನ, ಬಾಳೆಹಣ್ಣು ದೋಣಿ ಎಲ್ಲವನ್ನೂ ಅಗ್ಗದ ಒಂದೇ ದರದಲ್ಲಿ ಕಟ್ಟಿಕೊಡುವ ಪ್ಯಾಕೇಜುಗಳಲ್ಲಿ ನೀರಿನಡಿಯ ಸಮಯ ಎಷ್ಟೆಂದು ಕೇಳಿದರೆ ಸ್ಪಷ್ಟ ಉತ್ತರ ಬರುವುದು ಅಪರೂಪ.

ಮಾಲವಣದಲ್ಲಿ ಸಿಂಧುದುರ್ಗ ಕೋಟೆಯ ಹತ್ತಿರ, ದಡಕ್ಕೆ ಸಮೀಪದಲ್ಲೇ, ಆಳ ಕಡಿಮೆ ಇರುವ ಕಡೆ ಇಳಿಸುತ್ತಾರೆ. ಮಕ್ಕಳಿರುವ ಕುಟುಂಬಕ್ಕೆ ಒಗ್ಗುತ್ತದೆ. ಅನುಭವಿಗಳಿಗೆ ಅಲ್ಲಿ ಹೆಚ್ಚಿನದೇನೂ ಉಳಿದಿರುವುದಿಲ್ಲ.

ಪುದುಚೇರಿ ಬೆಂಗಳೂರಿನಿಂದ ಆರೇಳು ಗಂಟೆಯ ರಸ್ತೆ. ಅಲ್ಲಿ ನೈಸರ್ಗಿಕ ಹವಳಕ್ಕಿಂತ ಮುಳುಗಿಸಿಟ್ಟ ಕೃತಕ ದಿಬ್ಬಗಳ ಸುತ್ತಲಿನ ಮೀನಿನ ಹಿಂಡುಗಳೇ ಆಕರ್ಷಣೆ. ತಾಣಗಳು ಸಾಮಾನ್ಯವಾಗಿ ಆಳದವು, ದೋಣಿ ಏರಿಳಿಯುವುದೂ ಕಷ್ಟ, ಆದ್ದರಿಂದ ಓಪನ್ ವಾಟರ್ ಕೋರ್ಸು ಮಾಡುತ್ತಿರುವವರಿಗೆ ಇದು ಒಳ್ಳೆಯ ಪಾಠಶಾಲೆ, ಹೆದರುವವರಿಗೆ ಅಲ್ಲ.

ಹವಳವನ್ನೇ ನೋಡಬೇಕೆನ್ನುವವರು ಲಕ್ಷದ್ವೀಪಕ್ಕೋ ಅಂಡಮಾನಿಗೋ ಹೋಗಬೇಕು. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ವಿಮಾನ ಇಳಿಯುವುದು ಅಗತ್ತಿಯಲ್ಲಿ, ಕಡಮತ್ ಅಥವಾ ಬಂಗಾರಂಗೆ ಅಲ್ಲಿಂದ ಮತ್ತೆ ದೋಣಿ. ಪರವಾನಗಿ ಕೈಗೆ ಬರುವ ಮೊದಲು ವಿಮಾನದ ಟಿಕೆಟ್ ಕೊಂಡು ಕೂರಬೇಡಿ. ಇನ್ನೊಂದು ವಿಷಯ: 2024ರ ಬೇಸಿಗೆಯಲ್ಲಿ ಸಮುದ್ರದ ಬಿಸಿಯಿಂದ ಲಕ್ಷದ್ವೀಪದ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಆದ್ದರಿಂದ ಯಾವ ಜಾಗದ ಚಿತ್ರ ನೋಡಿದರೂ ಅದು ತೆಗೆದ ವರ್ಷ ಯಾವುದೆಂದು ಕೇಳಿ, ಕಳೆದ ಋತುವಿನ ವಿಡಿಯೋ ಕಳಿಸಲು ಹೇಳಿ.

ಆ ವಿಡಿಯೋವನ್ನು ನೋಡುವಾಗಲೂ ಒಂದು ಗಮನ ಬೇಕು. ನೀರು ಮೊದಲು ನುಂಗುವ ಬಣ್ಣ ಕೆಂಪು, ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಅದು ಬೂದುಬಣ್ಣಕ್ಕೆ ತಿರುಗುತ್ತದೆ. ಆಳದಲ್ಲಿ ತೆಗೆದ ಚಿತ್ರದಲ್ಲಿ ಕುಂಕುಮದಷ್ಟು ಕೆಂಪು ಕಂಡರೆ ಅದು ದೀಪದ ಬೆಳಕಿನದು ಅಥವಾ ಕಂಪ್ಯೂಟರಿನದು.

ವಿದೇಶದ ಬಗ್ಗೆ ಎರಡೇ ಮಾತು. ಮಾಲ್ಡೀವ್ಸ್‌ನಲ್ಲಿ ನೀರು ತಿಳಿ, ಆದರೆ ಹೆಸರಾಂತ ಡೈವ್‌ಗಳು ಹವಳದ ಉಂಗುರಗಳ ನಡುವಿನ ಕಾಲುವೆಗಳಲ್ಲಿ, ಬಿರುಸಿನ ಹರಿವಿನೊಳಗೆ ನಡೆಯುತ್ತವೆ. ಬಾಲಿಯಲ್ಲಿ ತುಲಾಂಬೆನ್‌ನ ಲಿಬರ್ಟಿ ಹಡಗಿನ ಅವಶೇಷಕ್ಕೆ ದಡದಿಂದಲೇ ಇಳಿಯಬಹುದು, ಹೊಸಬರಿಗೂ ಅನುಕೂಲ. ಅದೇ ಬಾಲಿಯ ನುಸಾ ಪೆನಿಡಾ ದ್ವೀಪದ ಸುತ್ತಲಿನ ಸೆಳೆತ ಮತ್ತು ತಣ್ಣೀರು ಹೊಸಬರದಲ್ಲ.

## ಹಂತ 6: ಡೈವ್ ಶಾಪ್‌ಗೆ ಫೋನ್ ಮಾಡಿ, ಕೇಳಿಸಿಕೊಳ್ಳಿ

ವಾಟ್ಸಾಪ್‌ನಲ್ಲಿ ದರಪಟ್ಟಿ ತರಿಸಿಕೊಂಡರೆ ಸಾಲದು, ಮಾತನಾಡಿ. ನಾನು ಒಮ್ಮೆ ಗೆಳೆಯರೊಬ್ಬರ ಪರವಾಗಿ ಒಂದು ಕಡೆಗೆ ಕರೆ ಮಾಡಿ, ಅವರಿಗೆ ಅಸ್ತಮಾ ಇದೆ, ಏನು ಮಾಡಬೇಕೆಂದು ಕೇಳಿದೆ. “ಅದೇನೂ ತೊಂದರೆ ಇಲ್ಲ ಸರ್, ಫಾರ್ಮಿನಲ್ಲಿ ಬರೀಬೇಡಿ ಅಷ್ಟೇ, ಬನ್ನಿ, ನಾವು ನೋಡಿಕೊಳ್ತೇವೆ” ಎಂದರು. ಇನ್ನೊಂದು ಕಡೆ ಅದೇ ಪ್ರಶ್ನೆಗೆ, “ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ ಸರ್, ಇಲ್ಲದಿದ್ದರೆ ಇಳಿಸುವುದಕ್ಕೆ ಆಗುವುದಿಲ್ಲ, ಹಣ ವಾಪಸ್ ಕೊಡುತ್ತೇವೆ” ಎಂಬ ಉತ್ತರ ಬಂತು. ಎರಡನೆಯವರ ದರ ಹೆಚ್ಚಿತ್ತು. ನಾವು ಅಲ್ಲಿಗೇ ಹೋದೆವು.

ಕೇಳಬೇಕಾದ ಪ್ರಶ್ನೆಗಳು ಇವು: ಒಬ್ಬ ಇನ್‌ಸ್ಟ್ರಕ್ಟರ್ ನೀರಿನಡಿಯಲ್ಲಿ ಏಕಕಾಲಕ್ಕೆ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ? ಅವರ ಪ್ರಮಾಣಪತ್ರ ಯಾವ ಸಂಸ್ಥೆಯದು, ಚಾಲ್ತಿಯಲ್ಲಿದೆಯೇ? ಆಳದ ನೀರಿಗಿಂತ ಮೊದಲು ಕಡಿಮೆ ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾರೆಯೇ? ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ? ಅಪಘಾತವಾದರೆ ಒತ್ತಡ ಚಿಕಿತ್ಸೆಯ ಕೊಠಡಿ ಇರುವ ಅತಿ ಹತ್ತಿರದ ಆಸ್ಪತ್ರೆ ಯಾವುದು? ನೀರಿನಡಿಯಲ್ಲಿ ಎಷ್ಟು ನಿಮಿಷ? ಹವಾಮಾನದಿಂದ ರದ್ದಾದರೆ ಹಣ ಮರಳುತ್ತದೆಯೇ?

ಮೊದಲ ಬಾರಿ ಇಳಿಯುವವರಿಗೆ ತಲಾ ಒಬ್ಬ ಇನ್‌ಸ್ಟ್ರಕ್ಟರ್ ಇರುವ ಕಡೆಗೇ ಹೋಗಿ. ಆಮ್ಲಜನಕದ ಪ್ರಶ್ನೆಗೆ “ನಮ್ಮ ಎಲ್ಲ ಸಿಲಿಂಡರ್‌ನಲ್ಲೂ ಆಕ್ಸಿಜನ್ನೇ ಇರುತ್ತದಲ್ಲ” ಎಂಬ ಉತ್ತರ ಬಂದರೆ ಫೋನ್ ಇಟ್ಟುಬಿಡಿ. ಡೈವ್ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ಇರುವುದು ಒತ್ತಿ ತುಂಬಿದ ಮಾಮೂಲು ಗಾಳಿ, ಶುದ್ಧ ಆಮ್ಲಜನಕ ತುರ್ತು ಚಿಕಿತ್ಸೆಗೆ ಪ್ರತ್ಯೇಕವಾಗಿ ಇಡುವಂಥದ್ದು. ಆ ವ್ಯತ್ಯಾಸ ತಿಳಿಯದವರ ಜೊತೆ ನೀರಿಗಿಳಿಯುವ ಅಗತ್ಯವಿಲ್ಲ. ಪ್ರವಾಸ ವಿಮೆ ಇದ್ದವರು ಅದರ ಷರತ್ತುಗಳನ್ನು ಓದಿ, ಸ್ಕೂಬಾವನ್ನು ಹೊರಗಿಟ್ಟಿರುವ ಪಾಲಿಸಿಗಳು ಬಹಳ.

## ಹಂತ 7: ತಿಥಿ ಮತ್ತು ಮುನ್ಸೂಚನೆ ನೋಡಿ ದಿನ ಗೊತ್ತುಮಾಡಿ

ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವಿಳಿತ ದೊಡ್ಡದಾಗಿ ಸೆಳೆತ ಹೆಚ್ಚುತ್ತದೆ. ಅಷ್ಟಮಿಯಿಂದ ದಶಮಿಯವರೆಗೆ ಅದು ತಗ್ಗಿರುತ್ತದೆ. ಅಂಡಮಾನಿನಂಥ ಕಡೆ ಇದರ ವ್ಯತ್ಯಾಸ ಎದ್ದು ಕಾಣುತ್ತದೆ, ದಿನ ಆರಿಸುವ ಸ್ವಾತಂತ್ರ್ಯ ಇದ್ದರೆ ಗೋಡೆಯ ಕ್ಯಾಲೆಂಡರನ್ನು ಉಪಯೋಗಿಸಿ.

ಹೊರಡುವ ಮೂರ್ನಾಲ್ಕು ದಿನ ಮೊದಲಿನಿಂದ ಇನ್‌ಕಾಯ್ಸ್ ಪುಟದಲ್ಲಿ ಅಲೆಯ ಎತ್ತರ ಮತ್ತು ಗಾಳಿಯನ್ನು ನೋಡುತ್ತಿರಿ. ನನ್ನ ಸ್ವಂತ ಗಡಿ ಒಂದೂವರೆ ಮೀಟರ್, ಅದಕ್ಕಿಂತ ಮೇಲಿನ ಅಲೆ ಇದ್ದರೆ ಹೊಸಬರನ್ನು ಕರೆದೊಯ್ಯುವುದಿಲ್ಲ. ಮೀನುಗಾರರಿಗೆ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಶಾಪ್‌ನವರು ದೋಣಿ ಬಿಡುತ್ತೇವೆಂದರೂ ಹತ್ತಬೇಡಿ. ಟಿಕೆಟ್‌ಗಳ ವಿಷಯದಲ್ಲಿ ಹೋಗುವುದನ್ನು ಖಚಿತಪಡಿಸಿಕೊಂಡು, ಮರಳುವುದನ್ನು ಬದಲಾಯಿಸಲು ಸಾಧ್ಯವಿರುವಂತೆ ಕೊಳ್ಳಿ.

## ಹಂತ 8: ದೋಣಿಯ ಮೇಲೆ ಕೊನೆಯ ನಿರ್ಧಾರ

ಜಾಗ ಸರಿಯಾಗಿದೆಯೇ ಎಂಬ ಪ್ರಶ್ನೆಗೆ ಕೊನೆಯ ಉತ್ತರ ಸಿಗುವುದು ನೀರಿನ ಮೇಲೆಯೇ. ಬೆಳಿಗ್ಗೆ ಹೊಟ್ಟೆ ತುಂಬ ವಡೆ, ಕಾಫಿ ಬೇಡ, ಎರಡು ಇಡ್ಲಿ ಸಾಕು. ಹಿಂದಿನ ರಾತ್ರಿ ಮದ್ಯ ಬೇಡವೇ ಬೇಡ. ವಾಂತಿ ಮಾತ್ರೆ ಬೇಕಿದ್ದರೆ ಮಂಪರು ಬರದಂಥದ್ದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡು, ದೋಣಿ ಹೊರಡುವ ಸಾಕಷ್ಟು ಮೊದಲು ತೆಗೆದುಕೊಳ್ಳಿ.

ಇಳಿಯುವಾಗ ಕಿವಿ ನೋಯುವ ತನಕ ಕಾಯಬೇಡಿ, ಮುಖ ನೀರಿಗೆ ಮುಳುಗಿದ ಕ್ಷಣದಿಂದಲೇ ಮೂಗು ಹಿಡಿದು ಮೆಲ್ಲಗೆ ಊದಿ, ಅರ್ಧ ಮೀಟರ್‌ಗೊಮ್ಮೆ ಅದನ್ನೇ ಮಾಡಿ. ಕಿವಿ ತೆರೆದುಕೊಂಡಾಗ ಒಳಗೆ ಸಣ್ಣದೊಂದು ‘ಟಕ್’ ಎಂಬ ಸದ್ದಾಗುತ್ತದೆ. ಸದ್ದಾಗದೆ ಬಿಗಿತ ಉಳಿದರೆ ಅಂಗೈಯನ್ನು ಅಡ್ಡಕ್ಕೆ ತೂಗಿ ‘ಏನೋ ಸರಿಯಿಲ್ಲ’ ಎಂಬ ಸನ್ನೆ ಮಾಡಿ, ಕಿವಿ ತೋರಿಸಿ, ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಹೆಬ್ಬೆರಳು ಮೇಲೆತ್ತಿದರೆ ಅದಕ್ಕೆ ನೀರಿನಡಿಯಲ್ಲಿ ‘ಚೆನ್ನಾಗಿದೆ’ ಎಂಬ ಅರ್ಥವಿಲ್ಲ, ‘ಮೇಲೆ ಹೋಗೋಣ’ ಎಂದರ್ಥ. ಈ ಗೊಂದಲದಿಂದ ಡೈವ್ ಎರಡೇ ನಿಮಿಷಕ್ಕೆ ಮುಗಿದವರಿದ್ದಾರೆ. ಮೇಲೇರುವಾಗ ಉಸಿರನ್ನು ಎಂದೂ ಹಿಡಿಯಬಾರದು: 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ.

ಇಳಿಯದೆ ಮರಳಬೇಕಾದ ಸೂಚನೆಗಳು: ಇನ್‌ಸ್ಟ್ರಕ್ಟರ್ ಸನ್ನೆಗಳನ್ನು ಕಲಿಸದೆ ಅವಸರಿಸುವುದು, ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಸಾಧನವಾದ ರೆಗ್ಯುಲೇಟರ್‌ನಿಂದ ಉಸಿರೆಳೆದಾಗ ಎಣ್ಣೆ ಅಥವಾ ಹೊಗೆಯ ವಾಸನೆ ಬರುವುದು, ಸಿಲಿಂಡರ್ ಮಾಪಕವನ್ನು ನಿಮಗೆ ತೋರಿಸದಿರುವುದು, ಎಲ್ಲರೂ ಇಳಿದ ಮೇಲೆ ದೋಣಿಯಲ್ಲಿ ಯಾರೂ ಉಳಿಯದಿರುವುದು. ಇವುಗಳಲ್ಲಿ ಒಂದು ಕಂಡರೂ ಕೊಟ್ಟ ಹಣವನ್ನು ಮರೆತು ದೋಣಿಯಲ್ಲೇ ಕುಳಿತುಕೊಳ್ಳಿ.

ಡೈವ್ ಮುಗಿದ ಮೇಲೆ ನೀರು ಚೆನ್ನಾಗಿ ಕುಡಿಯಿರಿ. ಆ ದಿನ ಅಥವಾ ಮರುದಿನದೊಳಗೆ ಕೀಲುಗಳಲ್ಲಿ ನೋವು, ಚರ್ಮದ ಮೇಲೆ ಕಲೆ ಮತ್ತು ತುರಿಕೆ, ಕೈಕಾಲು ಜೋಮು, ತಲೆಸುತ್ತು, ಕಾರಣವಿಲ್ಲದ ವಿಪರೀತ ಆಯಾಸ ಕಾಣಿಸಿದರೆ ಅದನ್ನು ಬಸ್ಸಿನ ಪ್ರಯಾಣದ ಸುಸ್ತು ಎಂದು ತಳ್ಳಿಹಾಕಬೇಡಿ. ಘಾಟಿ ಹತ್ತದೆ ಅಲ್ಲೇ ನಿಂತು, ಶಾಪ್‌ನವರಿಂದ ಶುದ್ಧ ಆಮ್ಲಜನಕ ಕೊಡಿಸಿಕೊಂಡು, ಡೈವ್ ಮಾಡಿದ ಆಳ ಮತ್ತು ಸಮಯವನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ.